ಧೈರ್ಯಕ್ಕೊಂದು ಸೂಜಿ

(ಧಾರವಾಡದಲ್ಲಿ ರೈತರು, ಹಾಲಿನ ಸೊಸೈಟಿಯವರು ಮತ್ತು ಪಶುವೈದ್ಯಕೀಯ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ರೆಕಾರ್ಡ್ ಕೇಳಿಕೊಂಡು ಬರೆದಿದ್ದೇನೆ. ಕೆಮ್ಮು, ಮೈಕಿನ ತಕರಾರು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರೆಪತ್ರದಲ್ಲಿ ನನ್ನ ವಿಷಯವನ್ನು "ಜಾನುವಾರುಗಳಲ್ಲಿ ಪ್ರತಿಜೀವಕಗಳ ಬಳಕೆ: ರೈತರ ಮನೋಭಾವ" ಎಂದು ಹಾಕಿದ್ದಾರೆ. ಮೂವತ್ತು ವರ್ಷ ದನದ ಡಾಕ್ಟರ್ ಆಗಿ ಕೆಲಸ ಮಾಡಿದವನು ನಾನು. ಪ್ರತಿಜೀವಕ ಎಂಬ ಮಾತನ್ನು ಒಬ್ಬ ರೈತನ ಬಾಯಲ್ಲೂ ಕೇಳಿಲ್ಲ. ನಾನೂ ಆಡಿಲ್ಲ. ನಮ್ಮ ಕಡೆ ಅದು ಸೂಜಿ. ಇನ್ನೂ ಬಿಡಿಸಿ ಕೇಳಿದರೆ "ಪಾವರ್ ಇದ್ದದ್ದು". ನಾನು ಇವತ್ತು ಆ್ಯಂಟಿಬಯಾಟಿಕ್ ಎನ್ನುತ್ತೇನೆ. ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧ ಅದು, ವೈರಸ್‌ಗೆ ನಾಟುವುದಿಲ್ಲ. ಮಧ್ಯೆ ಸೂಜಿ ಎಂದರೂ ಅದೇ ಎಂದುಕೊಳ್ಳಿ.

1994ರ ಮುಂಗಾರು. ಶಿಗ್ಗಾವಿ ತಾಲೂಕಿನ ಒಂದು ಊರು. ಮಿರಗ ಮಳೆ ಚೆನ್ನಾಗಿ ಆಗಿತ್ತು. ಊರೆಲ್ಲ ಕೂರಿಗೆ ಹೂಡಿತ್ತು. ಒಬ್ಬ ಯಜಮಾನರ ಮನೆಯಲ್ಲಿ ಮಾತ್ರ ಜೋಡಿಯ ಒಂದು ಎತ್ತು ನೆಲ ಹಿಡಿದಿತ್ತು. ಹಿಂದಿನ ದಿನ ಜ್ವರ ಬಂದಿದೆ, ಮೈ ನಡುಗಿದೆ, ಒಂದು ಕಾಲು ಕುಂಟಿದೆ, ಬೆಳಿಗ್ಗೆ ಎದ್ದಿಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಮೂರು ದಿನದ ಬೇನೆ. ಸೊಳ್ಳೆ, ನೊಣದಂಥ ಕಚ್ಚುವ ಹುಳುಗಳಿಂದ ಹರಡುವ ವೈರಸ್ ಕಾಯಿಲೆ ಅದು. ಹೆಸರೇ ಹೇಳುವ ಹಾಗೆ ಬಹಳಷ್ಟು ದನಗಳು ಮೂರನೇ ದಿನಕ್ಕೆ ತಾವೇ ಏಳುತ್ತವೆ. ಜ್ವರ, ನೋವು ಇಳಿಸುವ ಔಷಧ ಕೊಟ್ಟೆ. "ನೆರಳಾಗ ಮಲಗಿಸ್ರಿ, ಮಗ್ಗಲು ಬದಲಿಸ್ರಿ, ಗೊಟ್ಟದಾಗ ಏನೂ ಕುಡಿಸಬ್ಯಾಡ್ರಿ" ಎಂದೆ. ಆ ಬೇನೆಯಲ್ಲಿ ದನಕ್ಕೆ ನುಂಗಲು ತ್ರಾಸ ಆಗುತ್ತದೆ. ಗೊಟ್ಟ ಎಂಬ ಬಿದಿರ ಕೊಳವೆ ಬಾಯಿಗೆ ಹಿಡಿದು ಕುಡಿಸಿದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಬೇನೆಯಿಂದ ಉಳಿದ ಎತ್ತು ಗೊಟ್ಟದಿಂದ ಸತ್ತದ್ದನ್ನು ನಾನು ನೋಡಿದ್ದೇನೆ.

ಯಜಮಾನರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಅಲ್ರಿ ಡಾಕ್ಟ್ರ, ಇಷ್ಟ ದೂರ ಬಂದೀರಿ. ಪಾವರಿನ ಸೂಜಿ ಮಾಡಲೇ ಇಲ್ಲಲ್ರಿ?"

"ಇದಕ್ಕ ಅದು ಬೇಕಾಗಿಲ್ರಿ ಯಜಮಾನ್ರ."

"ಇರ್ಲಿ ಬಿಡ್ರಿ. ಧೈರ್ಯಕ್ಕ ಒಂದ್ ಮಾಡ್ರಿ. ಎತ್ತಿಗೆ ಬ್ಯಾಡ ಅಂದ್ರ ನನ್ನ ಧೈರ್ಯಕ್ಕ ಮಾಡ್ರಿ."

ಮಾಡಿದೆ. ಎರಡು ದಿನ ಬಿಟ್ಟು ಎತ್ತು ಎದ್ದಿತು. ಸೂಜಿ ಮಾಡದಿದ್ದರೂ ಏಳುತ್ತಿತ್ತು. ಆದರೆ ಊರಲ್ಲಿ ನನ್ನ ಹೆಸರು ನಿಂತದ್ದು ಆ ಸೂಜಿಯಿಂದ. ಮುಂದಿನ ವಾರ ಅದೇ ಬೇನೆ ಬಂದ ಇನ್ನೂ ಆರು ಮನೆಯವರು ಬಂದು "ಅವರ ಎತ್ತಿಗೆ ಮಾಡಿದ್ರಲ್ಲ, ಅದನ್ನ ಮಾಡ್ರಿ" ಎಂದರು. ಇಲ್ಲ ಎನ್ನಲು ನನಗೆ ಬಾಯಿಯೇ ಇರಲಿಲ್ಲ. ಮೊದಲನೆಯವರಿಗೆ ಮಾಡಿದ್ದೆನಲ್ಲ.

ಈ ವಿಷಯದ ಮೇಲೆ ನಡೆಯುವ ಸಭೆಗಳಲ್ಲಿ "ರೈತರಿಗೆ ತಿಳಿವಳಿಕೆ ಇಲ್ಲ, ಅರಿವು ಮೂಡಿಸಬೇಕು" ಎನ್ನುತ್ತಾರೆ. ಅರಿವು ಮೂಡಿಸುವ ಸಭೆಗಳಿಗೆ ನಾನೂ ಬೇಕಾದಷ್ಟು ಹೋಗಿದ್ದೇನೆ. ಉಪ್ಪಿಟ್ಟು ತಿಂದು ಬಂದಿದ್ದೇನೆ. ನನಗೀಗ ಅನಿಸುವುದು ಬೇರೆ. ಆ ಯಜಮಾನರಿಗೆ ಕಡಿಮೆ ಇದ್ದದ್ದು ತಿಳಿವಳಿಕೆ ಅಲ್ಲ. ಬಿತ್ತಿಗೆಯ ಹೊತ್ತಿನಲ್ಲಿ ಎತ್ತು ಹೋದರೆ ಅವರಿಗೆ ಆ ವರ್ಷವೇ ಹೋದ ಹಾಗೆ. ನಾನು ಮತ್ತೆ ಆ ಊರಿಗೆ ಬರುವುದು ಯಾವಾಗಲೋ. ಆ ಎರಡು ಭಯದ ನಡುವೆ ಇಪ್ಪತ್ತು ಎಂ.ಎಲ್. ಸೂಜಿ ಅವರಿಗೆ ಒಂದು ವಿಮೆ. ವಿಮೆ ಮಾಡಿಸುವವರು ಮೊದಲು ಬೆಂಕಿ ಬೀಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿಸುವುದಿಲ್ಲ, ಅಲ್ವಾ?

ಈಗ ಆ ವಿಮೆಯ ಇನ್ನೊಂದು ಮುಖ. ಇದನ್ನು ನಿಮಗೆ ಹೇಳಲು ನಾನು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಹತ್ತಿ ಹೊಲಕ್ಕೆ ಹೋದರೆ ಸಾಕು.

ಇಲ್ಲಿ ಕೂತ ಹಿರಿಯರಲ್ಲಿ ಹತ್ತಿ ಬೆಳೆದವರು ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧ ಸಭೆ. ಇದೇ ಧಾರವಾಡದಲ್ಲಿ ಹುಟ್ಟಿದ ಹತ್ತಿ ತಳಿ ಡಿಸಿಎಚ್-32, ನಮ್ಮವರು ಜಯಲಕ್ಷ್ಮಿ ಎಂದು ಕರೆದದ್ದು, ಹಾಕಿದವರು ನೀವೇ. 80ರ ದಶಕದಲ್ಲಿ ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಎಣ್ಣೆಗಳು ಬಂದವು. ಮೊದಲ ವರ್ಷ ಒಂದು ಸಲ ಹೊಡೆದರೆ ಕಾಯಿಕೊರಕ ಪಟಪಟ ಉದುರಿತು. ಆಮೇಲೆ ಎರಡು ಸಲ. ಆಮೇಲೆ ವಾರಕ್ಕೊಮ್ಮೆ. 90ರ ದಶಕಕ್ಕೆ ಬರುವ ಹೊತ್ತಿಗೆ ಹುಳುವನ್ನು ಎಣ್ಣೆಯಲ್ಲೇ ಅದ್ದಿದರೂ ಸಾಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. 2002ರಲ್ಲಿ, ಹುಳು ಕೊಲ್ಲುವ ಗುಣ ಬೀಜದಲ್ಲೇ ಇರುವ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಸ್ವಲ್ಪ ವರ್ಷ ಉಸಿರು ಬಿಟ್ಟೆವು. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣ ಮಾಡಿಕೊಂಡಿತು. ಇದನ್ನು ನಮ್ಮ ರೈತರು ಒಂದೇ ಮಾತಲ್ಲಿ ಹೇಳುತ್ತಾರೆ. "ಎಣ್ಣಿ ನಾಟಂಗಿಲ್ರಿ."

ದನದ ಕೊಟ್ಟಿಗೆಯಲ್ಲೂ ಅದೇ ಮಾತು ಶುರುವಾಗಿ ಬಹಳ ದಿನ ಆಯಿತು. "ಸೂಜಿ ನಾಟವಲ್ದು." ವಿಜ್ಞಾನಿಗಳು ಅದನ್ನು ಔಷಧ ನಿರೋಧಕತೆ ಎನ್ನುತ್ತಾರೆ. ಕೆಲಸ ಒಂದೇ ರೀತಿ. ಕೋಟಿ ಬ್ಯಾಕ್ಟೀರಿಯಾ ಇರುವ ಕಡೆ ಒಂದೆರಡಕ್ಕೆ ಔಷಧ ತಡೆಯುವ ಗುಣ ಮೊದಲೇ ಇರುತ್ತದೆ. ಉಳಿದವು ಸತ್ತ ಮೇಲೆ ಜಾಗವೆಲ್ಲ ಅವುಗಳದ್ದೇ. ಹುಳುವಿಗೆ ಒಂದು ಪೀಳಿಗೆ ದಾಟಲು ತಿಂಗಳು ಬೇಕು. ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಇಪ್ಪತ್ತು ನಿಮಿಷ ಸಾಕು. ಸಾಲದ್ದಕ್ಕೆ ಅವು ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಅದೂ ಬೇರೆ ಜಾತಿಯದಕ್ಕೆ, ಕೈಗಡ ಕೊಟ್ಟ ಹಾಗೆ ಕೊಡುತ್ತವೆ. ಆಕಳ ಹೊಟ್ಟೆಯಲ್ಲಿ ಹುಟ್ಟಿದ ಗುಣ ಆಕಳ ಹೊಟ್ಟೆಯಲ್ಲೇ ಇರಬೇಕೆಂಬ ನಿಯಮ ಇಲ್ಲ. ಸಗಣಿಯಲ್ಲಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ, ಕೈಗೆ, ನೀರಿಗೆ. ನಾವು ಕೊಟ್ಟ ಔಷಧದ ಒಂದು ಪಾಲು ಕೂಡ ಹಾಗೇ ಸಗಣಿ, ಗಂಜಲದಲ್ಲಿ ಹೊರಗೆ ಬೀಳುತ್ತದೆ.

ಇದು ಹೊಸ ಸುದ್ದಿಯೂ ಅಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡರು. 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ರೋಗಾಣು ಸಾಯದೆ ಗಟ್ಟಿಯಾಗುತ್ತದೆ ಎಂದು ಎಚ್ಚರಿಸಿದ್ದರು. ಅರ್ಧಂಬರ್ಧ ಡೋಸಿನ ವಿಷಯಕ್ಕೆ ಈಗ ಬರೋಣ. ನಮ್ಮಲ್ಲಿ ಅದೇ ದೊಡ್ಡ ರೋಗ.

ಆಕಳಿಗೆ ಕೆಚ್ಚಲು ಬಾವು ಆಗಿದೆ ಎಂದಿಟ್ಟುಕೊಳ್ಳಿ. ಮೂರು ದಿನ, ಕೆಲವೊಮ್ಮೆ ಐದು ದಿನ ಸೂಜಿ ಬೇಕು. ಮೊದಲ ದಿನ ಬಾವು ಇಳಿಯುತ್ತದೆ. ಎರಡನೇ ದಿನ ಹಾಲಿನ ಗಡ್ಡೆ ಕಡಿಮೆ ಆಗುತ್ತದೆ. ಮೂರನೇ ದಿನ ರೈತ ಫೋನ್ ಮಾಡುವುದಿಲ್ಲ. ಯಾಕೆ? ಔಷಧಕ್ಕೆ ದುಡ್ಡು, ಬಂದವರ ಪೆಟ್ರೋಲಿಗೆ ದುಡ್ಡು, ಮನೆಯವರೊಬ್ಬರು ಕೂಲಿ ಬಿಟ್ಟು ಕೂರಬೇಕು. ಆರಾಮ ಆದ ಆಕಳಿಗೆ ಖರ್ಚು ಯಾಕೆ ಎಂಬ ಲೆಕ್ಕ. ತನಗೆ ಜ್ವರ ಬಂದಾಗಲೂ ಅವರು ಮಾಡುವುದು ಅದನ್ನೇ. ಸಭೆಯಲ್ಲಿ ಕೂತ ನಾವು ನೀವು ಮಾಡುವುದೂ ಅದನ್ನೇ. ಡಬ್ಬಿಯಲ್ಲಿ ಉಳಿದ ಎರಡು ಗುಳಿಗೆ ಯಾರ ಮನೆಯಲ್ಲಿ ಇಲ್ಲ ಹೇಳಿ.

ನಾನು ಕೆಲಸಕ್ಕೆ ಸೇರಿದಾಗ ನನ್ನ ಚೀಲದಲ್ಲಿ ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್, ಆಕ್ಸಿಟೆಟ್ರಾಸೈಕ್ಲಿನ್ ಇದ್ದವು. ಬಹುಪಾಲು ಕೆಲಸ ಅವುಗಳಲ್ಲೇ ಮುಗಿಯುತ್ತಿತ್ತು. ನಿವೃತ್ತಿ ಆಗುವ ಹೊತ್ತಿಗೆ ಎನ್ರೋಫ್ಲಾಕ್ಸಾಸಿನ್, ಸೆಫ್ಟ್ರಿಯಾಕ್ಸೋನ್ ಮಾಮೂಲಿ ಆಗಿದ್ದವು. ಸೆಫ್ಟ್ರಿಯಾಕ್ಸೋನ್ ಎಂದರೆ ದೊಡ್ಡಾಸ್ಪತ್ರೆಯಲ್ಲಿ ಮನುಷ್ಯರಿಗೆ ಸಲಾಯಿನ್ ಜೊತೆ ಕೊಡುವ ಅದೇ ಔಷಧ. 2019ರ ಒಂದೇ ವರ್ಷದಲ್ಲಿ, ಔಷಧ ನಾಟದ ಬ್ಯಾಕ್ಟೀರಿಯಾ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂಬ ಅಂದಾಜು ಇದೆ. ಅದರಲ್ಲಿ ಕೊಟ್ಟಿಗೆಯ ಪಾಲು ಎಷ್ಟು, ದವಾಖಾನೆಯ ಪಾಲು ಎಷ್ಟು ಎಂದು ಬೆರಳು ತೋರಿಸಿ ಜಗಳ ಆಡಬಹುದು. ಮನುಷ್ಯರ ಡಾಕ್ಟರುಗಳೂ ನಾವೂ ಆ ಜಗಳ ಆಡಿದ್ದೇವೆ. ಚಹಾ ಬಂದ ಮೇಲೆ ನಿಲ್ಲಿಸಿದ್ದೇವೆ.

ಈಗ ಕುರಿಗಾರರ ಮಾತು. ಇವರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಲಕ್ಷ್ಮೇಶ್ವರದ ಆಚೆ, ಹಿಂಗಾರಿ ರಾಶಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುವುದನ್ನು ನೀವು ನೋಡಿರುತ್ತೀರಿ. ಹೊಲದ ಒಡೆಯರಿಗೆ ಗೊಬ್ಬರ, ಕುರಿಗಾರರಿಗೆ ಕಾಳು ಕಡಿ, ರೊಕ್ಕ. ಒಂದು ಮುಂಜಾನೆ ಅಂಥ ಒಂದು ಹಿಂಡಿಗೆ ಹೋಗಿದ್ದೆ. ಇನ್ನೂರಕ್ಕೂ ಮೇಲೆ ಕುರಿ. ಕುರಿಗಾರನ ವಯಸ್ಸು ಅರವತ್ತರ ಮೇಲೆ. ಕಂಬಳಿಯ ಗಂಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅದರಲ್ಲಿ ಆಕ್ಸಿಟೆಟ್ರಾಸೈಕ್ಲಿನ್‌ನ ಒಂದು ಬಾಟ್ಲಿ, ಜಂತಿನ ಔಷಧ, ಒಂದು ಸಿರಿಂಜ್, ಒಂದೇ ಒಂದು ಸೂಜಿ. ಇನ್ನೂರು ಕುರಿಗೆ ಒಂದು ಸೂಜಿ. ಕೆಲವು ಕುರಿಗಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಕೀವುಗಡ್ಡೆ ಯಾಕೆ ಇದ್ದವು ಎಂದು ಅಲ್ಲೇ ಗೊತ್ತಾಯಿತು.

ನಾನು ಸ್ವಲ್ಪ ಜೋರು ಮಾಡಿದೆ. "ಇದನ್ನ ನಿಮಗ ಯಾರು ಕೊಟ್ರು? ಚೀಟಿ ಎಲ್ಲೈತಿ?"

ಆತ ಸಿಟ್ಟಾಗಲಿಲ್ಲ. "ಸಾಹೇಬ್ರ, ಕುರಿ ಬ್ಯಾನಿ ಬಿದ್ರ ನಾಕ ತಾಸನ್ಯಾಗ ಹೋಗ್ತೈತಿ. ನಿಮ್ಮ ದವಾಖಾನಿ ಬಾಗಲಾ ತಗಿಯೋದು ಒಂಬತ್ತಕ್ಕ. ಇವತ್ತ ಈ ಹೊಲ, ನಾಳೆ ಮುಂದಿನ ಊರು. ಯಾವ ದವಾಖಾನಿಗೆ ಹೋಗ್ಲಿ ಹೇಳ್ರಿ?"

ಆಮೇಲೆ ಅವನ ಜೊತೆ ಹಿಂಡಿನಲ್ಲಿ ಅಡ್ಡಾಡಿದೆ. ಯಾವ ಕುರಿ ಮೇವು ಬಿಟ್ಟಿದೆ, ಯಾವುದು ಹಿಂದೆ ಬೀಳುತ್ತಿದೆ, ಯಾವುದರ ಉಸಿರು ಬೇರೆ ಎಂದು ನಾನು ಕಿವಿಗೆ ಸ್ಟೆತೊಸ್ಕೋಪ್ ಹಾಕುವ ಮೊದಲೇ ಅವನು ಹೇಳುತ್ತಿದ್ದ. ರೋಗ ಗುರುತಿಸುವುದರಲ್ಲಿ ನನಗಿಂತ ಕಡಿಮೆ ಇರಲಿಲ್ಲ. ಅವನು ಎಡವಿದ್ದು ಔಷಧದ ಲೆಕ್ಕದಲ್ಲಿ. ದೊಡ್ಡ ಕುರಿಗೆ ಇಷ್ಟು, ಸಣ್ಣದಕ್ಕೆ ಇಷ್ಟು ಎಂದು ಕಣ್ಣಳತೆ. ಬಾಟ್ಲಿ ಮುಗಿಯುತ್ತ ಬಂದರೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ. ಪಿಪಿಆರ್ ಎಂಬ ಕುರಿ ಮೇಕೆಗಳ ಅಂಟುರೋಗ ಬಂದರೂ ಅದೇ ಸೂಜಿ. ಅದು ವೈರಸ್, ಅದಕ್ಕೆ ಲಸಿಕೆ ಇದೆ, ಮೊದಲೇ ಹಾಕಿಸಬೇಕಿತ್ತು ಎಂದೆ. "ಲಸಿಕಿ ಹಾಕೋರು ಬಂದಾಗ ನಾವು ಊರಾಗ ಇರಂಗಿಲ್ರಿ" ಎಂದ. ಅದೂ ನಿಜ.

ಇನ್ನೊಂದು ಮಾತು ಕೇಳಿದೆ. ಸೂಜಿ ನಾಟದೆ ಕುರಿ ಏಳದಿದ್ದರೆ? ಉತ್ತರ ನನಗೆ ಮೊದಲೇ ಗೊತ್ತಿತ್ತು. ಸಾಯುವ ಮೊದಲು ಕೊಯ್ಯುವುದು. ಸತ್ತ ಕುರಿಗೆ ಬೆಲೆ ಇಲ್ಲ, ಕೊಯ್ದ ಕುರಿಗೆ ಇದೆ. ನಿನ್ನೆ ಸಂಜೆ ಮಾಡಿದ ಸೂಜಿ ಇವತ್ತು ಮಧ್ಯಾಹ್ನ ಯಾರದೋ ತಟ್ಟೆಯಲ್ಲಿ. ತಿನ್ನುವವರಿಗೆ ಗೊತ್ತಿಲ್ಲ. ಆ ಕುರಿಗಾರನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಒಂದು ಕುರಿ ಎಂದರೆ ಅವನಿಗೆ ಸಾವಿರಾರು ರೂಪಾಯಿ. ನಾನು ಮಾಡಿದ್ದು ಇಷ್ಟೇ. ಹತ್ತು ಹೊಸ ಸೂಜಿ ಕೊಟ್ಟೆ, ಸೂಜಿ ಕುದಿಸುವುದು ಹೇಗೆ ಎಂದು ತೋರಿಸಿದೆ, ತೂಕಕ್ಕೆ ಎಷ್ಟು ಎಂದು ಬಾಟ್ಲಿಯ ಮೇಲೆ ಗೆರೆ ಹಾಕಿಕೊಟ್ಟೆ. ಹೀಗೆ ಮಾಡಿದ್ದು ಸರಿಯೋ ತಪ್ಪೋ ಎಂದು ಇಲ್ಲಿನ ವಿದ್ಯಾರ್ಥಿಗಳು ಆಮೇಲೆ ನನ್ನ ಜೊತೆ ವಾದ ಮಾಡಲಿ.

ಹಾವೇರಿ ಕಡೆಯವರು ನಗಬಾರದು, ಈಗ ಹೋರಿಗೆ ಬರುತ್ತೇನೆ. ದೀಪಾವಳಿ ಆದ ಮೇಲೆ ಹೋರಿ ಬೆದರಿಸುವ ಹಬ್ಬ ಶುರು. ಕೊಬ್ಬರಿ ಸರ ಕಟ್ಟಿ ಓಡಿಸುವ ಕೊಬ್ಬರಿ ಹೋರಿಗೆ ಸಿಗುವ ಮರ್ಯಾದೆ ಮನೆಯ ಅಳಿಯನಿಗೂ ಇಲ್ಲ. ಅದಕ್ಕೊಂದು ಹೆಸರು, ಅದಕ್ಕೊಂದು ಬ್ಯಾನರ್. ಹೋರಿ ಒಂದು ಹೊತ್ತು ಮೇವು ಬಿಟ್ಟರೆ ಹತ್ತು ಜನ ಹುಡುಗರು ಬೈಕ್ ಹತ್ತಿ ದವಾಖಾನೆಗೆ ಬರುತ್ತಾರೆ. "ರೊಕ್ಕ ಕೇಳಬ್ಯಾಡ್ರಿ ಸರ, ಇದ್ದದ್ರಾಗ ತುಟ್ಟಿದ್ದು ಬರೀರಿ." ಅದೇ ಮನೆಯಲ್ಲಿ ಹಾಲು ಕೊಡುವ ಎಮ್ಮೆಗೆ ಬಾವು ಬಂದರೆ ಅಜ್ಜಿ ಒಬ್ಬಳೇ ನಡೆದು ಬರುತ್ತಾಳೆ. ತುಟ್ಟಿ ಎಂದರೆ ಒಳ್ಳೆಯದು ಎಂಬ ನಂಬಿಕೆ ಎಲ್ಲ ಕಡೆ ಇದೆ. ಆ್ಯಂಟಿಬಯಾಟಿಕ್ ವಿಷಯದಲ್ಲಿ ಅದು ತಲೆಕೆಳಗು. ರೋಗಾಣುವಿಗೆ ತಕ್ಕದ್ದು ಯಾವುದೋ ಅದೇ ಒಳ್ಳೆಯದು. ಬಹಳ ಸಲ ಅದು ಹಳೆಯ, ಅಗ್ಗದ ಪೆನಿಸಿಲಿನ್ನೇ ಆಗಿರುತ್ತದೆ.

2022 ನಿಮಗೆಲ್ಲ ನೆನಪಿದೆ. ಚರ್ಮಗಂಟು ರೋಗ. ಹಾವೇರಿ, ಗದಗ, ಧಾರವಾಡ ಮೂರೂ ಕಡೆ ಕೊಟ್ಟಿಗೆಗಳು ಬರಿದಾದವು. ದನದ ಸಂತೆ ನಿಂತಿತು. ಅದೂ ವೈರಸ್. ಲಸಿಕೆ ಎಂದರೆ ಆಗ ಕೈಯಲ್ಲಿದ್ದದ್ದು ಮೇಕೆಯ ಸಿಡುಬಿನ ಲಸಿಕೆ, ಅದನ್ನೇ ದನಗಳಿಗೆ ಹಾಕಿದರು. ಮೈತುಂಬ ಗಂಟು ಎದ್ದ ಎಳೆಗರುವನ್ನು ಮುಂದೆ ನಿಲ್ಲಿಸಿಕೊಂಡು "ಏನರ ಮಾಡ್ರಿ" ಎಂದು ಒಬ್ಬ ತಾಯಿ ಅತ್ತರೆ "ಇದು ವೈರಸ್, ಇದಕ್ಕೆ ಔಷಧ ಇಲ್ಲ" ಎಂದು ಯಾವ ಡಾಕ್ಟರ್ ಹೇಳುತ್ತಾನೆ? ಗಂಟು ಒಡೆದು ಕೀವಾದ ಮೇಲೆ, ಶ್ವಾಸಕೋಶಕ್ಕೆ ಸೋಂಕು ಇಳಿದ ಮೇಲೆ ಆ್ಯಂಟಿಬಯಾಟಿಕ್‌ಗೆ ಕೆಲಸ ಇದೆ. ಆದರೆ ಗಂಟು ಏಳುವ ಮೊದಲ ದಿನದಿಂದಲೇ ಎಲ್ಲ ದನಕ್ಕೂ ಕೊಟ್ಟವರು ಬಹಳ. ಆ ವರ್ಷ ಬಡವರು ಸಾಲ ಮಾಡಿ ಸೂಜಿ ಹಾಕಿಸಿದರು. ಆ ರೊಕ್ಕದಲ್ಲಿ ಅರ್ಧ ಸುಮ್ನೆ ಹೋಯಿತು ಎಂದು ನನ್ನ ಅನಿಸಿಕೆ. ಅಷ್ಟು ರೊಕ್ಕ ಸೊಳ್ಳೆ ಪರದೆಗೆ, ಹೊಗೆಗೆ, ಹುಣ್ಣಿಗೆ ಹಚ್ಚುವ ಮುಲಾಮಿಗೆ ಹೋಗಿದ್ದರೆ ಚೆನ್ನಾಗಿತ್ತು.

ಲಸಿಕೆಯ ಬಗ್ಗೆ ಒಂದೇ ಮಾತು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೇ ಬರುತ್ತದೆ, ಬಿಟ್ಟಿ ಬರುತ್ತದೆ. ಆದರೂ ದನ ಹಿತ್ತಲಲ್ಲಿ ಬಚ್ಚಿಡುವವರು ಇದ್ದಾರೆ. "ಎರಡ ದಿನ ಹಾಲು ಕಮ್ಮಿ ಆಗ್ತೈತ್ರಿ." ನಿಜ, ಕೆಲವಕ್ಕೆ ಆಗುತ್ತದೆ. ಎರಡು ದಿನದ ಹಾಲು ಕಣ್ಣಿಗೆ ಕಾಣುತ್ತದೆ. ಬಾರದೇ ಹೋದ ಬೇನೆ ಕಾಣುವುದಿಲ್ಲ.

ಹಾಲಿನ ವಿಷಯಕ್ಕೆ ಬಂದೆವು. ಇಲ್ಲಿ ಹೆಣ್ಣುಮಕ್ಕಳು ನಮಗಿಂತ ಮುಂದೆ ಇದ್ದಾರೆ. ಕಲಘಟಗಿ ಕಡೆ ಒಂದು ಮನೆಯಲ್ಲಿ ಎಮ್ಮೆಗೆ ಕೆಚ್ಚಲು ಬಾವು. ನಾನು ಸೂಜಿ ಮಾಡಿ, "ಏಳು ದಿನ ಹಾಲು ಬಳಸಬ್ಯಾಡ್ರಿ" ಎಂದೆ. ಆ ಮನೆಯ ಅತ್ತೆ ನಕ್ಕರು. "ಗೊತ್ತೈತ್ರಿ. ಸೂಜಿ ಮಾಡಿದ ಎಮ್ಮಿ ಹಾಲಿಗೆ ಎಷ್ಟ ಹೆಪ್ಪು ಹಾಕಿದ್ರೂ ಮಸರು ಕೂಡಂಗಿಲ್ಲ." ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಗಳಲ್ಲಿ ಒಂದು ಬಗೆ ಇದೇ ತತ್ವದ್ದು. ಮೊಸರು ಮಾಡುವುದೂ ಬ್ಯಾಕ್ಟೀರಿಯಾ. ಹಾಲಿನಲ್ಲಿ ಔಷಧ ಉಳಿದಿದ್ದರೆ ಅದನ್ನೂ ಬೆಳೆಯಗೊಡುವುದಿಲ್ಲ. ಮೊಸರು ಕೂಡದ್ದಕ್ಕೆ ಚಳಿಯಂಥ ಬೇರೆ ಕಾರಣವೂ ಇರುತ್ತದೆ, ಅದು ಬೇರೆ ಮಾತು. ಹಾಲನ್ನು ಕಾಯಿಸಿದರೆ ಔಷಧ ಹೋಗುತ್ತದಲ್ಲ ಎಂದು ಬಹಳ ಜನ ಕೇಳುತ್ತಾರೆ. ಪೂರ್ತಿ ಹೋಗುವುದಿಲ್ಲ. ರೋಗಾಣು ಸಾಯುತ್ತದೆ, ಔಷಧ ಬಹುಮಟ್ಟಿಗೆ ಉಳಿಯುತ್ತದೆ.

ಆ ಅತ್ತೆಯನ್ನು ಕೇಳಿದೆ. "ಹಂಗಾರ ಆ ಹಾಲು ಏನ ಮಾಡ್ತೀರಿ?"

"ಮನಿಗೆ ಬಳಸಂಗಿಲ್ರಿ. ಡೇರಿಗೆ ಹಾಕ್ತೀವಿ."

ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ಈ ಮಾತನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಪೇಟೆಯವರು "ಅಯ್ಯೋ" ಎನ್ನುತ್ತಾರೆ. ಹಳ್ಳಿಯವರು ನೆಲ ನೋಡುತ್ತಾರೆ. ಧಾರವಾಡಿ ಎಮ್ಮೆಗೆ 2021ರಲ್ಲಿ ದೇಶದ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಾಗ ನಾವೆಲ್ಲ ಖುಷಿಪಟ್ಟೆವು. ನಮ್ಮ ಪೇಡೆಯ ರುಚಿ ಆ ಎಮ್ಮೆಯ ಹಾಲಿನದು. ಒಂದು ತಮಾಷೆ ನೋಡಿ. ಮೊಸರಾದರೆ ಹೆಪ್ಪು ಕೂಡದೆ ಚಾಡಿ ಹೇಳುತ್ತದೆ. ಖೋವಾ ಹೇಳುವುದಿಲ್ಲ. ಅದಕ್ಕೆ ಹೆಪ್ಪೇ ಬೇಡವಲ್ಲ.

ಕಾನೂನು ಇದೆ. 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿ ಬಂತು. ಹಾಲು, ಮೊಟ್ಟೆ, ಮಾಂಸ ಕೊಡುವ ಪ್ರಾಣಿಗಳ ಔಷಧದ ಲೇಬಲ್ ಮೇಲೆ, ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಬಿಡಬೇಕು ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಹಾಲು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ನಾನು ಕುರಿಗಾರನ ಬಾಟ್ಲಿಯ ಲೇಬಲ್ ನೋಡಿದ್ದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ನನಗೇ ಕನ್ನಡಕ ಬೇಕಾಯಿತು.

ಕೋಳಿಯ ವಿಷಯ ಬೇಗ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರ ಅಲ್ಲ. ಅಲ್ಲಿ ರೋಗಕ್ಕಲ್ಲ, ತೂಕ ಬರಲಿ ಎಂದೇ ಆಹಾರದಲ್ಲಿ ಆ್ಯಂಟಿಬಯಾಟಿಕ್ ಬೆರೆಸುವ ರೂಢಿ ಜಗತ್ತಿನಲ್ಲಿ ದಶಕಗಳಿಂದ ಇತ್ತು. ಯುರೋಪಿನ ಒಕ್ಕೂಟ ಅದನ್ನು 2006ರಲ್ಲಿ ಪೂರ್ತಿ ನಿಲ್ಲಿಸಿತು. ಕೊಲಿಸ್ಟಿನ್ ಎಂಬ ಔಷಧ ಇದೆ. ಮನುಷ್ಯರಿಗೆ ಬೇರೆ ಏನೂ ನಾಟದಿದ್ದಾಗ ಕೊನೆಗೆ ಕೊಡುವಂಥದ್ದು. ಅದನ್ನೂ ಕೋಳಿಗೆ ಹಾಕುತ್ತಿದ್ದರು. 2015ರಲ್ಲಿ ಚೀನಾದಲ್ಲಿ, ಕೊಲಿಸ್ಟಿನ್‌ಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವುದು ಹಂದಿಗಳಲ್ಲಿ ಕಂಡಿತು. 2019ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಅದನ್ನು ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ನಿಷೇಧಿಸಿತು. ಇಲ್ಲಿ ರೈತನ ಮನೋಭಾವ ಎಂದು ಕೇಳುವುದೇ ಕಷ್ಟ. ಒಪ್ಪಂದದ ಮೇಲೆ ಕೋಳಿ ಸಾಕುವವರಿಗೆ ಮರಿ, ಆಹಾರ, ಔಷಧ ಎಲ್ಲ ಕಂಪನಿಯದು. ಶೆಡ್ಡು ಮತ್ತು ನಿದ್ದೆಗೆಡುವ ಕೆಲಸ ಮಾತ್ರ ರೈತರದು. ಚೀಲದಲ್ಲಿ ಏನಿದೆ ಎಂದು ಕೇಳಿದರೆ ಚೀಲ ತೋರಿಸುತ್ತಾರೆ.

ಇಷ್ಟೆಲ್ಲ ರೈತರ ಮೇಲೆ ಹೇಳಿದೆ. ಈಗ ನನ್ನ ಸರದಿ. ಆ್ಯಂಟಿಬಯಾಟಿಕ್ ಬೇಕಾಗಿಲ್ಲ ಎಂದು ಗೊತ್ತಿದ್ದೂ ಎಷ್ಟು ಸಲ ಕೊಟ್ಟಿದ್ದೇನೆ? ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಇಲ್ಲಿ ನಿಲ್ಲಲು ಧೈರ್ಯ ಬರುತ್ತಿರಲಿಲ್ಲ. ಹಾಲಿನ ಸ್ಯಾಂಪಲ್ ಕಳಿಸಿ, ಯಾವ ಔಷಧ ನಾಟುತ್ತದೆ ಎಂದು ಪರೀಕ್ಷೆ ಮಾಡಿಸಿ ಆಮೇಲೆ ಕೊಡುವುದು ಪುಸ್ತಕದ ದಾರಿ. ಉತ್ತರ ಬರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಮೊಲೆ ಕಲ್ಲಾಗುತ್ತದೆ. ನಾನು ಕೊಡದಿದ್ದರೆ ಪಕ್ಕದ ಊರಿನ, ಓದು ಇಲ್ಲದ, ಬೈಕ್ ಮೇಲಿನ "ಡಾಕ್ಟರ್" ಕೊಡುತ್ತಾನೆ. ಆಮೇಲೆ ನನ್ನನ್ನು ಯಾರೂ ಕರೆಯುವುದಿಲ್ಲ. ಇದೂ ಒಂದು ಭಯವೇ. ರೈತರ ಧೈರ್ಯಕ್ಕೆ ಎಂದು ಮಾಡಿದ ಸೂಜಿಗಳಲ್ಲಿ ಎಷ್ಟೋ ನನ್ನ ಧೈರ್ಯಕ್ಕೇ ಮಾಡಿದವು.

ಹಾಗಾದರೆ ಯಾವುದು ಕೆಲಸ ಮಾಡಿತು? ಉಪದೇಶ ಅಲ್ಲ. ಕೊನೆಯ ಹತ್ತು ವರ್ಷ ನಾನು ಒಂದು ರೂಢಿ ಮಾಡಿಕೊಂಡೆ. ಸೂಜಿ ಬೇಡ ಎಂದ ಮನೆಗೆ ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡುತ್ತಿದ್ದೆ. "ಆಕಳ ಹೆಂಗೈತ್ರಿ?" ಅಷ್ಟೇ. ನಾಳೆಯೂ ಡಾಕ್ಟರ್ ಸಿಗುತ್ತಾನೆ ಎಂದು ಗೊತ್ತಾದವರು ಇವತ್ತೇ ಸೂಜಿ ಕೇಳುವುದು ಬಿಟ್ಟರು. ಎಲ್ಲರೂ ಅಲ್ಲ, ಬಹಳ ಜನ. ಈಗ 1962ಕ್ಕೆ ಫೋನ್ ಮಾಡಿದರೆ ದನದ ಆಂಬುಲೆನ್ಸ್ ಬರುವ ವ್ಯವಸ್ಥೆ ಇದೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಇವು ಸರಿಯಾಗಿ ನಡೆದರೆ ಅರಿವಿನ ನೂರು ಸಭೆಗಿಂತ ಮೇಲು.

ಇನ್ನೊಂದು, ಕೆಚ್ಚಲು ಬಾವು ಬಾರದ ಹಾಗೆ ನೋಡಿಕೊಳ್ಳುವುದು. ಹಾಲು ಕೊಡುವ ಜರ್ಸಿ, ಎಚ್ಎಫ್ ಆಕಳುಗಳಲ್ಲಿ ಅತಿ ಹೆಚ್ಚು ಸೂಜಿ ಹೋಗುವುದು ಇದಕ್ಕೇ. ಹಾಲು ಹಿಂಡಿದ ಮೇಲೆ ಮೊಲೆಯ ತೂತು ಮುಚ್ಚಲು ಸುಮಾರು ಅರ್ಧ ತಾಸು ಬೇಕು. ಆ ಅರ್ಧ ತಾಸು ಆಕಳು ಸಗಣಿಯಲ್ಲಿ ಮಲಗಬಾರದು. ಹಿಂಡುವಾಗ ಹಾಕುವ ಹಿಂಡಿ, ಮೇವನ್ನು ಹಿಂಡಿದ ಮೇಲೆ ಹಾಕಿ. ತಿನ್ನುತ್ತ ನಿಂತಿರುತ್ತದೆ. ಖರ್ಚು ಸೊನ್ನೆ. ಹೆಬ್ಬೆರಳು ಮಡಚಿ ಹಿಂಡುವುದನ್ನು ಬಿಡಿ, ಒಳಗೆ ಗಾಯ ಆಗುತ್ತದೆ. ಮೊದಲ ಎರಡು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಸಣ್ಣ ಗಡ್ಡೆ ಕಂಡರೆ ಬಾವು ಬರುವ ಮೊದಲೇ ಗೊತ್ತಾಗುತ್ತದೆ.

ಲೋಳೆಸರ ಕಾಲು ಕೆ.ಜಿ., ಅರಿಶಿಣ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ದಿನಕ್ಕೆ ಎಂಟು ಹತ್ತು ಸಲ ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಹೇಳಿಕೊಡುತ್ತಿದ್ದಾರೆ. ನಾನು ಮೊದಲು ನಂಬಲಿಲ್ಲ. ಓದಿದ ಅಹಂಕಾರ. ಆಮೇಲೆ ಶುರುವಿನ ಬಾವಿಗೆ ಕೆಲವು ಮನೆಗಳಲ್ಲಿ ಮಾಡಿಸಿದೆ. ಪ್ರತಿ ಸಲ ಹಾಲು ಪೂರ್ತಿ ಹಿಂಡಿ ತೆಗೆದು ಹಚ್ಚಿದ ಕಡೆ ಎಷ್ಟೋ ಆಕಳು ಸೂಜಿ ಇಲ್ಲದೆ ಸುಧಾರಿಸಿದವು. ಜ್ವರ ಬಂದು ಮೇವು ಬಿಟ್ಟ ಆಕಳಿಗೆ ಮಾತ್ರ ಇದನ್ನು ನಂಬಿ ಕೂಡಬೇಡಿ. ಅಲ್ಲಿ ಸೂಜಿಯೇ ಬೇಕು, ಪೂರ್ತಿ ಡೋಸ್ ಬೇಕು. ಆ್ಯಂಟಿಬಯಾಟಿಕ್ ಕೆಟ್ಟದ್ದು ಎಂದು ಯಾರಾದರೂ ಮನೆಗೆ ಹೋಗಿ ಹೇಳಿದರೆ ನಾನು ಇಷ್ಟು ಹೊತ್ತು ಕಿರುಚಿದ್ದು ದಂಡ.

ಮಾತು ಮುಗಿಸಿ ನೀರು ಕುಡಿಯುವಾಗ ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಬರೆಯುತ್ತೇನೆ. ಹಿಂದಿನ ಸಾಲಿನಿಂದ ನಲವತ್ತರ ಹತ್ತಿರದ ಒಬ್ಬ ಹೆಣ್ಣುಮಗಳು ಎದ್ದರು. ಎರಡು ಆಕಳು ಸಾಕಿದ್ದಾರೆ.

"ಸರ, ನೀವು ಹೇಳಿದ್ದೆಲ್ಲಾ ಖರೇ ಐತಿ. ಮೂರ ದಿನ ಸೂಜಿ, ಆಮ್ಯಾಲ ಏಳ ದಿನ. ಒಟ್ಟ ಹತ್ತ ದಿನ. ನನ್ನ ಆಕಳ ದಿನಕ್ಕ ಎಂಟ ಲೀಟರ್ ಕೊಡ್ತೈತಿ. ಎಂಬತ್ತ ಲೀಟರ್ ಚೆಲ್ಲಬೇಕು. ಲೀಟರಿಗೆ ಮೂವತ್ತೈದ ಹಿಡದ್ರೂ ಎರಡ ಸಾವಿರದ ಎಂಟನೂರು. ಅದನ್ನ ಯಾರು ಕೊಡ್ತಾರ್ರಿ?"

ಕರುವಿಗಾದರೂ ಕುಡಿಸಬಹುದೇ ಎಂದು ಪಕ್ಕದಿಂದ ಒಬ್ಬರು ಕೇಳಿದರು. ಬೇಡ ಎಂದೆ. ಕರುವಿನ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ಅದೇ ದಾರಿ. ಆದರೆ ಆ ತಾಯಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕೆ ಒಬ್ಬಳೇ ಹೊರುವ ನಷ್ಟ ಇದಾಗಬಾರದು, ಹಾಲು ಕುಡಿಯುವ ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕು, ಸೊಸೈಟಿಯಲ್ಲಿ ಅದಕ್ಕೊಂದು ಸಣ್ಣ ನಿಧಿ ಇಡಬಹುದು ಎಂದೆ. ಹೇಳುವುದು ಸುಲಭ.

ಮುಂದಿನ ಸಾಲಿನಲ್ಲಿ ಒಂದು ಸೊಸೈಟಿಯ ಕಾರ್ಯದರ್ಶಿ ಕೂತಿದ್ದರು. ಎದ್ದು ನಿಂತು, "ಸರ, ಲೀಟರಿಗೆ ಹತ್ತ ಪೈಸಾ ತಗದಿಟ್ರೂ ಆಗಬಹುದ್ರಿ. ಮುಂದಿನ ಮೀಟಿಂಗ್‌ನಾಗ ಇಡ್ತೀನಿ" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಆ ಹೆಣ್ಣುಮಗಳು ಇನ್ನೂ ನಿಂತೇ ಇದ್ದರು. ಚಪ್ಪಾಳೆ ನಿಂತ ಮೇಲೆ ಕೇಳಿದರು:

"ಮೀಟಿಂಗ್ ಯಾವತ್ತ್ರಿ?"